ಪ್ರತಿವಾದಿಯೂ ಮನುಷ್ಯನೇ
(ಭೌತವಿಜ್ಞಾನದ ಚರಿತ್ರೆಯಿಂದ ಒಂದು ಪಾಠ)

ಕಾಲೇಜಿನ ಪ್ರಯೋಗಶಾಲೆಯಲ್ಲಿ ದ್ಯುತಿವಿದ್ಯುತ್ ಕೋಶದ ಪ್ರಯೋಗವನ್ನು ಮಾಡಿಸುವಾಗ ನಾವು ಎರಡು ಹೆಸರುಗಳನ್ನು ಜೊತೆಜೊತೆಯಾಗಿ ಹೇಳುವುದು ವಾಡಿಕೆ. ಒಂದು, ಫಿಲಿಪ್ ಲೆನಾರ್ಡ್. ಇನ್ನೊಂದು, ಆಲ್ಬರ್ಟ್ ಐನ್‌ಸ್ಟೈನ್. ಬೆಳಕು ಬಿದ್ದಾಗ ಲೋಹದಿಂದ ಹೊರಡುವ ಎಲೆಕ್ಟ್ರಾನುಗಳ ನಡತೆಯನ್ನು ಅಳೆದು ತೋರಿಸಿದವರು ಲೆನಾರ್ಡರು. ಆ ನಡತೆಗೆ ಕಾರಣವನ್ನು ಹೇಳಿದವರು ಐನ್‌ಸ್ಟೈನರು. ಪಠ್ಯಪುಸ್ತಕದ ಒಂದೇ ಪುಟದಲ್ಲಿ ಇಬ್ಬರೂ ನೆಮ್ಮದಿಯಾಗಿ ನಿಂತಿರುತ್ತಾರೆ. ಇವರು ಒಬ್ಬರಿಗೊಬ್ಬರು ನೆರವಾದ ಸ್ನೇಹಿತರಾಗಿದ್ದಿರಬೇಕೆಂದು ವಿದ್ಯಾರ್ಥಿಗಳು ಊಹಿಸಿದರೆ ಆಶ್ಚರ್ಯವೇನೂ ಇಲ್ಲ.

ನಡೆದ ಸಂಗತಿ ಬೇರೆ. ಮೊದಲು ಪರಸ್ಪರ ಗೌರವದಿಂದಿದ್ದ ಇವರಲ್ಲಿ ಒಬ್ಬರು, ಕೆಲವು ವರ್ಷಗಳಲ್ಲಿಯೇ, ಇನ್ನೊಬ್ಬರ ಸಿದ್ಧಾಂತವನ್ನಷ್ಟೇ ಅಲ್ಲದೆ ಅವರ ಹುಟ್ಟನ್ನೂ ಜನಾಂಗವನ್ನೂ ಹಳಿಯುವ ಮಟ್ಟಕ್ಕೆ ಇಳಿದರು. ಅದರ ಫಲ ಒಬ್ಬಿಬ್ಬರ ಮನಸ್ತಾಪದಲ್ಲಿ ಮುಗಿಯಲಿಲ್ಲ. ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿ ಈ ಕಥೆಗೆ ಅಂಕಗಳಿಲ್ಲ. ಆದರೂ ವಿಜ್ಞಾನವನ್ನು ಓದುವವರು ಇದನ್ನು ತಿಳಿದಿರಬೇಕೆಂದು ನಾವು ಭಾವಿಸುತ್ತೇವೆ.

ಒಂದು ಪ್ರಯೋಗ, ಎರಡು ವಿವರಣೆಗಳು

ಲೆನಾರ್ಡರು ಹುಟ್ಟಿದ್ದು 1862ರಲ್ಲಿ, ಈಗ ಬ್ರಾಟಿಸ್ಲಾವಾ ಎಂದು ಹೆಸರಾಗಿರುವ ಪ್ರೆಸ್‌ಬರ್ಗ್ ನಗರದಲ್ಲಿ. ಅವರು ಅಸಾಧಾರಣ ಪ್ರಯೋಗಕುಶಲರು. ಕ್ಯಾಥೋಡ್ ಕಿರಣಗಳನ್ನು ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೂಲಕ ಗಾಜಿನ ಕೊಳವೆಯಿಂದ ಹೊರಕ್ಕೆ ತಂದು ಪರೀಕ್ಷಿಸಿದ ಕೀರ್ತಿ ಅವರದು. ಅದಕ್ಕಾಗಿ 1905ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು.

1902ರಲ್ಲಿ ಅವರು ಒಂದು ವಿಚಿತ್ರವನ್ನು ಕಂಡರು. ಲೋಹದ ಮೇಲೆ ಬೀಳುವ ಬೆಳಕಿನ ತೀವ್ರತೆಯನ್ನು ಎಷ್ಟು ಹೆಚ್ಚಿಸಿದರೂ ಹೊರಬರುವ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ ಹೆಚ್ಚುವುದಿಲ್ಲ. ಹೆಚ್ಚುವುದು ಅವುಗಳ ಸಂಖ್ಯೆ ಮಾತ್ರ. ಬೆಳಕು ಅಲೆಯೆಂದು ನಂಬಿದ್ದವರಿಗೆ ಇದು ಒಗಟಾಗಿದ್ದಿತು. ಸಮುದ್ರದ ಅಲೆ ದೊಡ್ಡದಾದಷ್ಟೂ ದಡದ ಕಲ್ಲನ್ನು ಹೆಚ್ಚು ಬಲವಾಗಿ ಎಸೆಯಬೇಕಲ್ಲವೆ?

ಲೆನಾರ್ಡರು ಇದಕ್ಕೊಂದು ವಿವರಣೆ ಕೊಟ್ಟರು. ಎಲೆಕ್ಟ್ರಾನಿಗೆ ಶಕ್ತಿ ಪರಮಾಣುವಿನೊಳಗೇ ಇದೆ. ಬೆಳಕು ಬಂದೂಕಿನ ಕುದುರೆಯನ್ನು ಎಳೆದಂತೆ ಅದನ್ನು ಬಿಡುಗಡೆ ಮಾಡುತ್ತದೆ, ಅಷ್ಟೆ. 1905ರಲ್ಲಿ ಐನ್‌ಸ್ಟೈನರು ಬೇರೆಯ ವಿವರಣೆ ಕೊಟ್ಟರು. ಬೆಳಕಿನ ಶಕ್ತಿ ಗಂಟುಗಂಟಾಗಿ ಬರುತ್ತದೆ. ಒಂದೊಂದು ಗಂಟಿನ ಶಕ್ತಿಯೂ ಬೆಳಕಿನ ಆವೃತ್ತಿಗೆ, ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಗೆ, ಅನುಗುಣವಾಗಿರುತ್ತದೆ. ಒಂದು ಗಂಟನ್ನು ಒಂದು ಎಲೆಕ್ಟ್ರಾನು ನುಂಗಿ, ಲೋಹದ ಹಿಡಿತದಿಂದ ಬಿಡಿಸಿಕೊಳ್ಳಲು ತೆರಬೇಕಾದಷ್ಟನ್ನು ತೆತ್ತು, ಉಳಿದ ಶಕ್ತಿಯೊಡನೆ ಹೊರಬೀಳುತ್ತದೆ. ಸೋಡಿಯಂ ಲೋಹದಲ್ಲಿ ಈ ತೆರಿಗೆ ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್. ಕಡುಗೆಂಪು ಬೆಳಕಿನ ಒಂದು ಗಂಟಿನಲ್ಲಿ ಇರುವುದು ಸುಮಾರು 1.8, ನೇರಳೆ ಬೆಳಕಿನಲ್ಲಿ ಸುಮಾರು 3. ಆದುದರಿಂದ ಕೆಂಪು ದೀಪ ಎಷ್ಟೇ ಪ್ರಖರವಾಗಿರಲಿ, ಸೋಡಿಯಂನಿಂದ ಎಲೆಕ್ಟ್ರಾನು ಹೊರಡದು; ಮಂದವಾದ ನೇರಳೆ ಬೆಳಕು ಸಾಕು, ಹೊರಡುತ್ತದೆ.

ಈ ಹಂತದಲ್ಲಿ ಇಬ್ಬರ ನಡುವೆ ಇದ್ದುದು ಅಭಿಪ್ರಾಯಭೇದ ಮಾತ್ರ. ಐನ್‌ಸ್ಟೈನರು ತಮ್ಮ ಲೇಖನದಲ್ಲಿ ಲೆನಾರ್ಡರ ಕೆಲಸವನ್ನು ಮೆಚ್ಚಿ ನೆನೆದಿದ್ದರು. ಇಬ್ಬರೂ ಗೌರವಪೂರ್ವಕವಾಗಿ ಪತ್ರಗಳನ್ನು ಬರೆದುಕೊಂಡರು. ಕಥೆಯಲ್ಲಿ ಮುಂದೆ ಬರುವ ಮತ್ತೊಬ್ಬ ಜರ್ಮನ್ ವಿಜ್ಞಾನಿ ಯೋಹಾನೆಸ್ ಸ್ಟಾರ್ಕರೂ ಆಗ ಐನ್‌ಸ್ಟೈನರ ಹಿತೈಷಿಗಳೇ. ಬೆಳಕಿನ ಕಣಗಳ ಭಾವನೆಯನ್ನು ಮೊದಮೊದಲು ಎತ್ತಿಹಿಡಿದ ಕೆಲವೇ ಜನರಲ್ಲಿ ಅವರೊಬ್ಬರು. 1907ರಲ್ಲಿ ತಾವು ಸಂಪಾದಿಸುತ್ತಿದ್ದ ವಾರ್ಷಿಕ ಪತ್ರಿಕೆಗೆ ಸಾಪೇಕ್ಷತೆಯನ್ನು ಕುರಿತು ವಿಸ್ತಾರವಾದ ಲೇಖನ ಬರೆದುಕೊಡಿರೆಂದು ಐನ್‌ಸ್ಟೈನರನ್ನು ಕೇಳಿದವರು ಇದೇ ಸ್ಟಾರ್ಕರು. ಸಾರ್ವತ್ರಿಕ ಸಾಪೇಕ್ಷತೆಗೆ ಬೀಜವಾದ ಆಲೋಚನೆ, ಎಂದರೆ ಗುರುತ್ವವೂ ವೇಗೋತ್ಕರ್ಷವೂ ಸಮಾನವೆಂಬ ತತ್ತ್ವ, ಅಚ್ಚಾಗಿ ಹೊರಬಂದುದು ಆ ಲೇಖನದಲ್ಲಿಯೇ.

ವಾದದಿಂದ ವ್ಯಕ್ತಿಗೆ

ಸಾಪೇಕ್ಷತಾ ಸಿದ್ಧಾಂತವನ್ನು ಲೆನಾರ್ಡರು ಒಪ್ಪಲಿಲ್ಲ. ಅವರ ಒಂದು ಆಕ್ಷೇಪಣೆ ಹೀಗಿದ್ದಿತು: ಓಡುವ ರೈಲು ಥಟ್ಟನೆ ನಿಂತರೆ ಒಳಗಿರುವ ಸಾಮಾನು ಚೆಲ್ಲಾಪಿಲ್ಲಿಯಾಗುತ್ತದೆ. ಎಲ್ಲ ಚಲನೆಯೂ ಸಾಪೇಕ್ಷವಾಗಿದ್ದರೆ, ರೈಲು ನಿಂತೇ ಇದ್ದಿತು, ಹೊರಗಿನ ಲೋಕವೇ ವೇಗವನ್ನು ಬದಲಾಯಿಸಿತು ಎಂದು ಹೇಳಲು ಬರಬೇಕು. ಹಾಗಾದರೆ ಪಕ್ಕದ ಊರಿನ ಇಗರ್ಜಿಯ ಗೋಪುರವೇಕೆ ಉರುಳುವುದಿಲ್ಲ?

ಇದು ಒಳ್ಳೆಯ ಪ್ರಶ್ನೆ. ಇಂದಿಗೂ ತರಗತಿಯಲ್ಲಿ ಚುರುಕಾದ ವಿದ್ಯಾರ್ಥಿ ಇದನ್ನು ಕೇಳಿದರೆ ನಮಗೆ ಸಂತೋಷವಾಗುತ್ತದೆ. ಉತ್ತರವಿಷ್ಟೆ: ರೈಲಿನ ದೃಷ್ಟಿಯಿಂದ ನೋಡಿದರೆ ಆ ಹೊತ್ತಿನಲ್ಲಿ ಒಂದು ಗುರುತ್ವಕ್ಷೇತ್ರ ಕಾಣಿಸಿಕೊಳ್ಳುತ್ತದೆ. ಭೂಮಿಯೂ ಗೋಪುರವೂ ಅದರಲ್ಲಿ ಒಟ್ಟಿಗೆ, ತಡೆಯಿಲ್ಲದೆ ಬೀಳುತ್ತವೆ. ಆದ್ದರಿಂದ ಗೋಪುರಕ್ಕೆ ಯಾವ ಜಗ್ಗಾಟವೂ ಇಲ್ಲ. ಬ್ರೇಕು ಹಿಡಿದಿಟ್ಟಿರುವುದು ರೈಲನ್ನು, ಜಗ್ಗಾಟವೆಲ್ಲ ಅದರೊಳಗೇ. 1918ರಲ್ಲಿ ಐನ್‌ಸ್ಟೈನರು ಇಂತಹ ಆಕ್ಷೇಪಣೆಗಳಿಗೆ ಉತ್ತರವಾಗಿ ಒಂದು ಸಂವಾದವನ್ನು ಬರೆದರು. ಅದರಲ್ಲಿ ಒಬ್ಬ ಟೀಕಾಕಾರ, ಒಬ್ಬ ಸಾಪೇಕ್ಷತಾವಾದಿ. ಟೀಕಾಕಾರನ ಬಾಯಲ್ಲಿ ಪೆದ್ದುಮಾತುಗಳನ್ನಿಡದೆ, ತಕ್ಕ ಪ್ರಶ್ನೆಗಳನ್ನೇ ಅವರು ಇಟ್ಟರು.

ಆಮೇಲೆ ಗಾಳಿ ಬದಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಿದ್ದಿತು. ಸೋಲಿನ ಅವಮಾನವನ್ನು ಯಾರ ತಲೆಗಾದರೂ ಕಟ್ಟಬೇಕೆಂಬ ತವಕ ಜನರಲ್ಲಿ ಬೆಳೆಯಿತು. ಬಹುಮಂದಿಯ ಕಣ್ಣು ಯೆಹೂದ್ಯರ ಮೇಲೆ ಬಿದ್ದಿತು. ಐನ್‌ಸ್ಟೈನರು ಯೆಹೂದ್ಯರು, ಶಾಂತಿವಾದಿಗಳು; 1919ರ ಗ್ರಹಣವೀಕ್ಷಣೆಯಿಂದ ಜಗತ್ಪ್ರಸಿದ್ಧರಾದವರು. 1920ರ ಆಗಸ್ಟ್ 24ರಂದು ಬರ್ಲಿನ್ನಿನ ಫಿಲ್‌ಹಾರ್ಮನಿ ಭವನದಲ್ಲಿ ಸಾಪೇಕ್ಷತೆಯನ್ನು ಖಂಡಿಸಲು ಒಂದು ಸಾರ್ವಜನಿಕ ಸಭೆ ಸೇರಿತು. ಹೆಸರಿಗೆ ಅದು ವಿಜ್ಞಾನದ ಸಭೆ. ಹೊರಗಿನ ಅಂಗಳದಲ್ಲಿ ಯೆಹೂದ್ಯದ್ವೇಷದ ಕರಪತ್ರಗಳು ಮಾರಾಟವಾದುವು.

ಐನ್‌ಸ್ಟೈನರೂ ಆಗ ಸಮಚಿತ್ತವನ್ನು ಕಳೆದುಕೊಂಡರು. ಮೂರು ದಿನಗಳ ಮೇಲೆ ಬರ್ಲಿನ್ನಿನ ಒಂದು ದಿನಪತ್ರಿಕೆಯಲ್ಲಿ ಅವರು ಬರೆದ ಉತ್ತರದಲ್ಲಿ, ಆ ಸಭೆಗೆ ಬಂದಿರದಿದ್ದ ಲೆನಾರ್ಡರನ್ನೂ ಎಳೆದುತಂದು, ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಅವರದು ಏನೂ ಸಾಧನೆಯಿಲ್ಲವೆಂದು ಹೀಯಾಳಿಸಿದರು. ಸ್ನೇಹಿತರು ನೊಂದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರ ಪತ್ನಿ ಹೆಡ್ವಿಗ್ ಅವರು ತಮ್ಮ ಬೇಸರವನ್ನು ಐನ್‌ಸ್ಟೈನರಿಗೇ ಬರೆದು ತಿಳಿಸಿದರು. ತಾವು ಮಾಡಿದ್ದು ಸರಿಯಲ್ಲವೆಂದು ಐನ್‌ಸ್ಟೈನರು ಸ್ನೇಹಿತರಲ್ಲಿ ಒಪ್ಪಿಕೊಂಡರು. ಆದರೆ ಅಚ್ಚಾದ ಮಾತು ಹಿಂದಕ್ಕೆ ಬರುವುದಿಲ್ಲ. ಮುಂದಿನ ತಿಂಗಳು ಬಾಡ್ ನೌಹೈಮ್ ಎಂಬಲ್ಲಿ, ಮ್ಯಾಕ್ಸ್ ಪ್ಲಾಂಕರ ಅಧ್ಯಕ್ಷತೆಯಲ್ಲಿ, ಇಬ್ಬರೂ ಎದುರುಬದುರಾಗಿ ವಾದಿಸಿದರು, ಮನಸ್ಸುಗಳು ಕೂಡಲಿಲ್ಲ.

1922ರಲ್ಲಿ ಇನ್ನೊಂದು ಘಟನೆ ನಡೆಯಿತು. ಜರ್ಮನಿಯ ವಿದೇಶಾಂಗ ಮಂತ್ರಿ ವಾಲ್ಟರ್ ರಾಥೆನೌ ಅವರು ಯೆಹೂದ್ಯರು. ಜೂನ್ 24ರಂದು ಅವರ ಕೊಲೆಯಾಯಿತು. ದೇಶವೆಲ್ಲ ಶೋಕಾಚರಣೆಯ ದಿನವನ್ನು ಆಚರಿಸುತ್ತಿದ್ದಾಗ ಹೈಡೆಲ್‌ಬರ್ಗಿನಲ್ಲಿ ಲೆನಾರ್ಡರು ತಮ್ಮ ಪ್ರಯೋಗಶಾಲೆಯನ್ನು ಮುಚ್ಚಲು ಒಪ್ಪಲಿಲ್ಲ. ಕೋಪಗೊಂಡ ಗುಂಪೊಂದು ಒಳನುಗ್ಗಿ, ಅರುವತ್ತು ವರ್ಷದ ಆ ಪ್ರಾಧ್ಯಾಪಕರನ್ನು ಹೊರಗೆಳೆದು, ನೆಕ್ಕಾರ್ ನದಿಗೆ ಎಸೆಯುವೆವೆಂದು ಬೆದರಿಸಿತು. ಒಬ್ಬರ ಕೊಲೆಗೆ ಮರುಗಲಾರದ ಮನಸ್ಸು ತಪ್ಪು. ಅದಕ್ಕಾಗಿ ಮುದುಕರನ್ನು ಹೊಳೆಗೆ ನೂಕಹೊರಟ ಗುಂಪಿನದೂ ತಪ್ಪೇ. ಆ ದಿನ ಲೆನಾರ್ಡರ ಮನಸ್ಸಿನಲ್ಲಿ ಉಳಿದಿದ್ದ ಬಾಗಿಲುಗಳೂ ಮುಚ್ಚಿಕೊಂಡುವು. 1924ರಲ್ಲಿ ಅವರೂ ಸ್ಟಾರ್ಕರೂ ಕೂಡಿ ಹಿಟ್ಲರನನ್ನು ಬಹಿರಂಗವಾಗಿ ಹೊಗಳಿ ಬರೆದರು.

ಹಣೆಪಟ್ಟಿ ಹರಡುವ ಬಗೆ

ಅಂದಿನಿಂದ ಲೆನಾರ್ಡರ ವಾದ ಹೊಸ ರೂಪವನ್ನು ತಾಳಿತು. ಮೊದಲು ಅವರು, ಈ ಸಿದ್ಧಾಂತ ಇಂಥಿಂಥ ಕಾರಣಕ್ಕೆ ತಪ್ಪು ಎನ್ನುತ್ತಿದ್ದರು. ಈಗ, ಇದನ್ನು ಹೇಳಿದವರು ಯೆಹೂದ್ಯರು, ಆದುದರಿಂದ ಇದು ತಪ್ಪು ಎಂದರು. 1936-37ರಲ್ಲಿ ಅವರು ನಾಲ್ಕು ಸಂಪುಟಗಳ ಒಂದು ಗ್ರಂಥವನ್ನು ಪ್ರಕಟಿಸಿ ಅದಕ್ಕೆ ‘ಜರ್ಮನ್ ಭೌತವಿಜ್ಞಾನ’ ಎಂದು ಹೆಸರಿಟ್ಟರು. ವಿಜ್ಞಾನಕ್ಕೂ ರಕ್ತಸಂಬಂಧವುಂಟೆಂದು ಅವರು ಅದರಲ್ಲಿ ಸಾರಿದರು.

ಎರಡು ವಾಕ್ಯಗಳಿಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯ ವಾಕ್ಯಕ್ಕೆ ಉತ್ತರವುಂಟು: ಕಾರಣಗಳನ್ನು ಪರಿಶೀಲಿಸಬಹುದು, ಪ್ರಯೋಗ ಮಾಡಬಹುದು. ಎರಡನೆಯದಕ್ಕೆ ಉತ್ತರವೇ ಇಲ್ಲ. ತಮ್ಮ ಹುಟ್ಟನ್ನು ಯಾರು ತಾನೆ ತಿದ್ದಿಕೊಳ್ಳಬಲ್ಲರು? ಅಲ್ಲಿಗೆ ಚರ್ಚೆ ಮುಗಿಯಿತು. ಉಳಿಯುವುದು ಹೊರಗಟ್ಟುವ ಕೆಲಸ ಮಾತ್ರ.

ಆ ಕೆಲಸ 1933ರಲ್ಲಿ ಮೊದಲಾಯಿತು. ಹಿಟ್ಲರನ ಸರ್ಕಾರ ಏಪ್ರಿಲ್ 7ರಂದು ಹೊರಡಿಸಿದ ಕಾನೂನು ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯಲು ಹಾದಿ ಮಾಡಿತು. ವಿಶ್ವವಿದ್ಯಾನಿಲಯಗಳ ಅಧ್ಯಾಪಕರೂ ಅದಕ್ಕೆ ಒಳಪಟ್ಟರು. ಐನ್‌ಸ್ಟೈನರು ಅಷ್ಟರಲ್ಲಿಯೇ ದೇಶವನ್ನು ತೊರೆದಿದ್ದರು. ಗಾಟಿಂಗೆನ್ನಿನಲ್ಲಿ ಮ್ಯಾಕ್ಸ್ ಬಾರ್ನರೂ ಗಣಿತಜ್ಞೆ ಎಮ್ಮಿ ನೋಥರರೂ ಕೆಲಸದಿಂದ ಅಮಾನತಾದರು. ಜೇಮ್ಸ್ ಫ್ರಾಂಕರು ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿದವರು. ಆ ಕಾರಣದಿಂದ ಕಾನೂನು ಅವರಿಗೆ ವಿನಾಯಿತಿ ಕೊಟ್ಟಿದ್ದಿತು. ಆದರೂ ಅನ್ಯಾಯವನ್ನು ಪ್ರತಿಭಟಿಸಿ ತಾವಾಗಿಯೇ ರಾಜೀನಾಮೆ ಕೊಟ್ಟರು. ಅಲ್ಲಿನ 42 ಮಂದಿ ಅಧ್ಯಾಪಕರು ಒಂದು ಹೇಳಿಕೆಗೆ ಸಹಿಮಾಡಿದರು. ಫ್ರಾಂಕರ ಬೆಂಬಲಕ್ಕೆಂದು ತಿಳಿಯಬೇಡಿ; ಅವರ ರಾಜೀನಾಮೆಯನ್ನು ಖಂಡಿಸಲು.

ಹಣೆಗೆ ಅಂಟಿಸುವ ಪಟ್ಟಿ ಒಂದೇ ಹಣೆಯ ಮೇಲೆ ನಿಲ್ಲುವುದಿಲ್ಲ. ವರ್ನರ್ ಹೈಸನ್‌ಬರ್ಗರು ಯೆಹೂದ್ಯರಲ್ಲ. ಆದರೆ ಅವರು ತರಗತಿಯಲ್ಲಿ ಸಾಪೇಕ್ಷತೆಯನ್ನು ಪಾಠ ಹೇಳುತ್ತಿದ್ದರು. 1937ರ ಜುಲೈ 15ರಂದು ನಾಜೀ ರಕ್ಷಕದಳದ ವಾರಪತ್ರಿಕೆಯಲ್ಲಿ ಅವರಂಥವರನ್ನು ‘ಬಿಳಿಯ ಯೆಹೂದ್ಯರು’ ಎಂದು ಕರೆದು ಲೇಖನ ಬಂದಿತು; ಸ್ಟಾರ್ಕರು ಅದನ್ನು ಅನುಮೋದಿಸಿ ಬರೆದರು. ಹುಟ್ಟಿನಿಂದ ಸಿಕ್ಕದವರನ್ನು ಅಭಿಪ್ರಾಯದಿಂದ ಹಿಡಿಯುವ ಉಪಾಯವಿದು. ಮ್ಯೂನಿಕ್ಕಿನಲ್ಲಿ ಸೊಮರ್‌ಫೆಲ್ಡರ ಪೀಠ ಹೈಸನ್‌ಬರ್ಗರಿಗೆ ದೊರೆಯಲಿಲ್ಲ. 1939ರಲ್ಲಿ ಆ ಹೆಸರಾಂತ ಸೈದ್ಧಾಂತಿಕ ಪೀಠಕ್ಕೆ ಬಂದವರು ವಾಯುಗತಿವಿಜ್ಞಾನದ ಒಬ್ಬ ಅಧ್ಯಾಪಕರು. ಹೊಸ ಭೌತವಿಜ್ಞಾನದಲ್ಲಿ ಅವರ ಕೆಲಸವಿರಲಿಲ್ಲ, ಅದರ ಮೇಲಿನ ದ್ವೇಷವಿದ್ದಿತು.

1938ರ ಜುಲೈಯಲ್ಲಿ ಲೀಸ್ ಮೈಟ್ನರರು ಬರ್ಲಿನ್ನಿನಿಂದ ಗುಟ್ಟಾಗಿ ಹೊರಟು ದೇಶದ ಗಡಿಯನ್ನು ದಾಟಿದರು. ಅದೇ ಡಿಸೆಂಬರಿನಲ್ಲಿ ಅವರ ಹಳೆಯ ಸಹೋದ್ಯೋಗಿ ಆಟೋ ಹಾನ್ ಮತ್ತು ಸ್ಟ್ರಾಸ್‌ಮನ್ ಅವರು ಯುರೇನಿಯಂನಿಂದ ಬೇರಿಯಂ ಹುಟ್ಟುವುದನ್ನು ಕಂಡು ಬೆರಗಾದರು. ಹಾನರು ಪತ್ರದ ಮೂಲಕ ಅರ್ಥ ಕೇಳಿದ್ದು ಸ್ವೀಡನ್ನಿನಲ್ಲಿದ್ದ ಮೈಟ್ನರರನ್ನು. ಪರಮಾಣುವಿನ ಬೀಜ ಒಡೆಯಿತೆಂಬ ಭೌತವಿವರಣೆಯನ್ನು ಕೊಟ್ಟವರು ಅವರೂ ಅವರ ಸೋದರಿಯ ಮಗ ಫ್ರಿಶ್ಶರೂ.

ನೋಡಿರಿ, ಜರ್ಮನಿಗೆ ಎಷ್ಟು ನಷ್ಟವಾಯಿತು ಎಂದು ಇಲ್ಲಿಗೇ ಲೇಖನವನ್ನು ಮುಗಿಸುವುದು ಸುಲಭ. ಅನೇಕರು ಹಾಗೆಯೇ ಮುಗಿಸುತ್ತಾರೆ. ನಮಗೆ ಅದು ಸಾಲದೆನಿಸುತ್ತದೆ. ಸಾಪೇಕ್ಷತಾ ಸಿದ್ಧಾಂತ ಒಂದುವೇಳೆ ತಪ್ಪೇ ಆಗಿದ್ದಿದ್ದರೆ? ಹೊರಗಟ್ಟಿಸಿಕೊಂಡವರು ಯಾರೂ ನೊಬೆಲ್ ಬಹುಮಾನಕ್ಕೆ ಪಾತ್ರರಲ್ಲದ ಸಾಮಾನ್ಯರಾಗಿದ್ದಿದ್ದರೆ? ಅನ್ಯಾಯ ಆಗಲೂ ಅಷ್ಟೇ ಅನ್ಯಾಯ. ಬಾನ್ ನಗರದ ಗಣಿತಜ್ಞ ಫೆಲಿಕ್ಸ್ ಹೌಸ್‌ಡಾರ್ಫರು, ಶಿಬಿರಕ್ಕೆ ಹೊರಡಬೇಕೆಂಬ ಆಜ್ಞೆ ಬಂದಾಗ, 1942ರ ಜನವರಿಯಲ್ಲಿ ಪತ್ನಿ ಮತ್ತು ನಾದಿನಿಯೊಡನೆ ಪ್ರಾಣ ಬಿಟ್ಟರು. ಅವರ ಹೆಸರು ಗಣಿತದ ಪುಸ್ತಕಗಳಲ್ಲಿದೆ. ನಾಜೀಗಳ ಕೈಯಲ್ಲಿ ಸತ್ತ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಬಹುಪಾಲಿನವರು ದರ್ಜಿಗಳು, ಅಂಗಡಿಯವರು, ಗೃಹಿಣಿಯರು, ಶಾಲೆಯ ಮಕ್ಕಳು. ಮನುಷ್ಯರು ಮನುಷ್ಯರಾಗಿ ಬಾಳುವುದಕ್ಕೆ ಯಾವ ಸಂಶೋಧನೆಯ ಅರ್ಹತಾಪತ್ರವೂ ಬೇಕಾಗಿಲ್ಲ.

ಬೆಂಗಳೂರಿಗೆ ಬಂದ ಬಾರ್ನ್ ದಂಪತಿಗಳು

ಇದೆಲ್ಲ ದೂರದ ಜರ್ಮನಿಯ ಮಾತೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದಿದೆ. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಕೆಲಸ ಕಳೆದುಕೊಂಡ ಬಾರ್ನರನ್ನು ಅವರು ಆಹ್ವಾನಿಸಿದರು. 1935ರ ಕೊನೆಯಲ್ಲಿ ಬಾರ್ನರೂ ಹೆಡ್ವಿಗ್ ಅವರೂ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳಿದ್ದರು. ಬಾರ್ನರನ್ನು ಇಲ್ಲಿಯೇ ಕಾಯಂ ಆಗಿ ನಿಲ್ಲಿಸಿಕೊಳ್ಳಬೇಕೆಂದು ರಾಮನ್ನರ ಆಸೆ.

ಆ ವಿಷಯ ಸಂಸ್ಥೆಯ ಸಭೆಯ ಮುಂದೆ ಬಂದಾಗ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ತನ್ನ ದೇಶದಿಂದಲೇ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ಬೇಡವೆಂಬ ಅರ್ಥದ ಮಾತನ್ನು, ಬಾರ್ನರ ಎದುರಿನಲ್ಲಿಯೇ, ಆಡಿದರು. ಮನೆಗೆ ಹಿಂದಿರುಗಿ ಹೆಂಡತಿಯ ಮುಂದೆ ತಾವು ಅತ್ತುದನ್ನು ಬಾರ್ನರು ಬರೆದಿಟ್ಟಿದ್ದಾರೆ. ಆ ಪ್ರಾಧ್ಯಾಪಕರು ನಾಜೀಗಳಲ್ಲ. ಬಹುಶಃ ಅವರಿಗೆ ಅಸಮ್ಮತಿ ಇದ್ದುದು ರಾಮನ್ನರ ಆಡಳಿತದ ರೀತಿಯಲ್ಲಿ. ಅದನ್ನು ನೇರವಾಗಿ ಹೇಳಬಹುದಾಗಿದ್ದಿತು. ಕೈಗೆ ಸುಲಭವಾಗಿ ಸಿಕ್ಕಿದ್ದು ಮಾತ್ರ ನಿರಾಶ್ರಿತರೊಬ್ಬರ ಹಣೆಯ ಮೇಲಿನ ಪಟ್ಟಿ. ಬಾರ್ನರು ಬೆಂಗಳೂರಿನಲ್ಲಿ ಉಳಿಯಲಾಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದರು.

ಮುಂದೆ, 1940ರ ದಶಕದಲ್ಲಿ, ಸ್ಫಟಿಕಗಳೊಳಗಿನ ಪರಮಾಣುಗಳ ಕಂಪನವನ್ನು ಕುರಿತು ರಾಮನ್ನರಿಗೂ ಬಾರ್ನರಿಗೂ ದೊಡ್ಡ ವಿವಾದವೇ ಹುಟ್ಟಿತು. ಮಾತುಗಳು ಬಿರುಸಾಗಿದ್ದುವು, ಹಳೆಯ ಸ್ನೇಹ ಸೊರಗಿತು. ಆದರೂ ಅಲ್ಲಿ ಕೇಳಿದ ಪ್ರಶ್ನೆ ಸ್ಫಟಿಕಗಳನ್ನು ಕುರಿತದ್ದು. ಆದುದರಿಂದಲೇ ಉತ್ತರವೂ ಸ್ಫಟಿಕಗಳಿಂದಲೇ ಬಂದಿತು, ಬಾರ್ನರ ಪರವಾಗಿ.

ಇನ್ನೊಂದು ಬಗೆಯ ವಿರೋಧ

ಭಿನ್ನಾಭಿಪ್ರಾಯವಿದ್ದಲ್ಲೆಲ್ಲ ದ್ವೇಷವಿರಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಮಿಲಿಕನ್ನರು ಬೆಳಕಿನ ಕಣಗಳನ್ನು ನಂಬಲೇ ಇಲ್ಲ. ಐನ್‌ಸ್ಟೈನರ ಸಮೀಕರಣವನ್ನು ಪರೀಕ್ಷಿಸಲು ವರ್ಷಗಟ್ಟಲೆ ದುಡಿದರು. 1916ರ ಹೊತ್ತಿಗೆ ಸಮೀಕರಣ ಸರಿಯೆಂದು ತಾವೇ ಪ್ರಕಟಿಸಿದರು. ತಮ್ಮ ನಂಬಿಕೆಗೆ ವಿರುದ್ಧವಾದ ಅಂಕಿಗಳನ್ನು ಅವರು ಮುಚ್ಚಿಡಲಿಲ್ಲ.

1930ರಲ್ಲಿ ಬ್ರಸೆಲ್ಸಿನ ಸಾಲ್ವೇ ಸಮ್ಮೇಳನದಲ್ಲಿ ಐನ್‌ಸ್ಟೈನರು ಕ್ವಾಂಟಂ ಸಿದ್ಧಾಂತವನ್ನು ಮುರಿಯಲು ಒಂದು ಕಾಲ್ಪನಿಕ ಯಂತ್ರವನ್ನು ಮುಂದಿಟ್ಟರು. ಬೆಳಕು ತುಂಬಿದ ಪೆಟ್ಟಿಗೆ. ಅದಕ್ಕೆ ಗಡಿಯಾರದಿಂದ ನಡೆಯುವ ಬಾಗಿಲು. ಬಾಗಿಲು ತೆರೆದು ಒಂದು ಕಣವನ್ನು ಬಿಟ್ಟು, ಪೆಟ್ಟಿಗೆಯನ್ನು ತೂಗಿದರೆ ಕಣದ ಶಕ್ತಿ ತಿಳಿಯುತ್ತದೆ. ಗಡಿಯಾರದಿಂದ ಕಾಲ ತಿಳಿಯುತ್ತದೆ. ಎರಡೂ ಒಟ್ಟಿಗೆ ಖಚಿತವಾದರೆ ಹೈಸನ್‌ಬರ್ಗರ ಅನಿಶ್ಚಿತತೆಯ ನಿಯಮ ಬಿದ್ದುಹೋಯಿತು. ನೀಲ್ಸ್ ಬೋರರು ರಾತ್ರಿಯೆಲ್ಲ ಚಿಂತಿಸಿ ಬೆಳಿಗ್ಗೆ ಉತ್ತರ ತಂದರು. ತೂಗುವಾಗ ಪೆಟ್ಟಿಗೆ ಮೇಲೆ ಕೆಳಗೆ ಅಲುಗುತ್ತದೆ. ಗುರುತ್ವಕ್ಷೇತ್ರದಲ್ಲಿ ಎತ್ತರ ಬದಲಾದರೆ ಗಡಿಯಾರದ ನಡಿಗೆಯೂ ಬದಲಾಗುತ್ತದೆ. ಕಾಲದ ಅನಿಶ್ಚಿತತೆ ಮರಳಿ ಬರುತ್ತದೆ. ಗಡಿಯಾರದ ಈ ಗುಣವನ್ನು ಕಂಡುಹಿಡಿದವರು ಐನ್‌ಸ್ಟೈನರೇ. ಎದುರಾಳಿಯ ಸಿದ್ಧಾಂತವನ್ನು ಅಷ್ಟು ಆಳವಾಗಿ ಅರಿತಿದ್ದುದರಿಂದಲೇ ಬೋರರು ಗೆದ್ದರು. ಐನ್‌ಸ್ಟೈನರು 1955ರಲ್ಲಿ ತೀರಿಕೊಂಡರು. 1962ರಲ್ಲಿ ಬೋರರು ತೀರಿಕೊಂಡ ಹಿಂದಿನ ದಿನ ಸಂಜೆ ಅವರ ಕಪ್ಪುಹಲಗೆಯ ಮೇಲೆ ಬರೆದಿದ್ದ ಚಿತ್ರ ಇದೇ ಬೆಳಕಿನ ಪೆಟ್ಟಿಗೆಯದು.

ಬಾರ್ನರ ವಿಷಯವೂ ಹಾಗೆಯೇ. ಪರಮಾಣುಲೋಕದಲ್ಲಿ ಸಂಭವನೀಯತೆಯೇ ಮೂಲನಿಯಮವೆಂದು 1926ರಲ್ಲಿ ಅವರು ಹೇಳಿದ್ದನ್ನು ಐನ್‌ಸ್ಟೈನರು ಕೊನೆಯವರೆಗೂ ಒಪ್ಪಲಿಲ್ಲ. ಆ ವಿವರಣೆಗಾಗಿಯೇ ಬಾರ್ನರಿಗೆ 1954ರಲ್ಲಿ ನೊಬೆಲ್ ಬಹುಮಾನ ಬಂದಾಗ ಅಭಿನಂದಿಸಿ ಬರೆದರು. 1916ರಿಂದ 1955ರವರೆಗೆ ಅವರಿಬ್ಬರ ನಡುವೆ ಪತ್ರಗಳು ಓಡಾಡಿದುವು.

ಮೂರು ಮೆಟ್ಟಿಲುಗಳು: ಅವರು, ಅವನು, ಅದು

ಮನುಷ್ಯರನ್ನು ಮನುಷ್ಯತ್ವದಿಂದ ಕೆಳಗಿಳಿಸುವ ಕ್ರಿಯೆ ಹೇಗೆ ನಡೆಯುತ್ತದೆಂಬುದಕ್ಕೆ ನಮ್ಮ ಕನ್ನಡದಲ್ಲಿಯೇ ಒಳ್ಳೆಯ ಅಳತೆಗೋಲಿದೆ. ಜಗಳ ಹತ್ತಿದಾಗ ಮೊದಲು ಹೋಗುವುದು ಬಹುವಚನ: ‘ಅವರು ಹೇಳಿದರು’ ಎಂಬುದು ‘ಅವನು ಹೇಳಿದ’ ಎಂದಾಗುತ್ತದೆ. ಇನ್ನೂ ಮುಂದುವರಿದರೆ ‘ಅದೇನು ಹೇಳುತ್ತದೆ ಬಿಡು’ ಎನ್ನುತ್ತೇವೆ. ಮಗುವನ್ನು ಮುದ್ದಿನಿಂದ ‘ಅದು’ ಎನ್ನುವುದುಂಟು. ಆ ಮಾತು ಬೇರೆ. ಬೆಳೆದ ಮನುಷ್ಯರನ್ನು ತಾತ್ಸಾರದಿಂದ ನಪುಂಸಕಲಿಂಗದಲ್ಲಿ ಕರೆದಾಗ ಅವರನ್ನು ವಸ್ತುಗಳ ಸಾಲಿಗೆ ಸೇರಿಸಿದಂತಾಯಿತು. ವಸ್ತುವಿಗೆ ನೋವಿಲ್ಲ, ನ್ಯಾಯವಿಲ್ಲ. ಅದನ್ನು ಎತ್ತಿ ಹೊರಗಿಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಲೆನಾರ್ಡರು ಈ ಮೆಟ್ಟಿಲುಗಳನ್ನು ಒಂದೇ ದಿನ ಇಳಿಯಲಿಲ್ಲ. ಅವರಿಗೆ ಹದಿನೈದು ಇಪ್ಪತ್ತು ವರ್ಷಗಳು ಹಿಡಿದುವು. ಅವರು ದಡ್ಡರಲ್ಲ, ಓದದವರಲ್ಲ. ವಿದ್ಯೆಯಿಂದ ಈ ರೋಗಕ್ಕೆ ತಾನಾಗಿಯೇ ರಕ್ಷಣೆ ದೊರೆಯುವುದಿಲ್ಲವೆಂಬುದಕ್ಕೆ ನೊಬೆಲ್ ಬಹುಮಾನಿತರಾದ ಇಬ್ಬರೇ ಸಾಕ್ಷಿಗಳು.

ಈ ಲೇಖನದಲ್ಲಿ ನಾವು ಲೆನಾರ್ಡರನ್ನೂ ಸ್ಟಾರ್ಕರನ್ನೂ ಬಹುವಚನದಲ್ಲಿಯೇ ಕರೆದಿದ್ದೇವೆ. ಅವರ ನಡತೆಯನ್ನು ಮನ್ನಿಸಿ ಹಾಗೆ ಮಾಡಿದ್ದಲ್ಲ. ಅವರು ಮಾಡಿದ್ದು ಘೋರವಾದ ತಪ್ಪು. ಅದನ್ನು ತಪ್ಪೆಂದೇ ಹೇಳಬೇಕು. 1933ರ ಸೆಪ್ಟೆಂಬರಿನಲ್ಲಿ ಜರ್ಮನ್ ಭೌತವಿಜ್ಞಾನಿಗಳ ಸಮ್ಮೇಳನದಲ್ಲಿ ಮ್ಯಾಕ್ಸ್ ಫಾನ್ ಲಾವೆಯವರು ಸ್ಟಾರ್ಕರ ಎದುರಿಗೇ ಗೆಲಿಲಿಯೋವಿನ ಉದಾಹರಣೆಯನ್ನೆತ್ತಿ ಸಾಪೇಕ್ಷತೆಯ ಪರವಾಗಿ ಧೈರ್ಯದಿಂದ ನಿಂತರು. ಅಂಥ ಧೈರ್ಯ ಬೇಕು. ಎಲ್ಲ ಅಭಿಪ್ರಾಯಗಳೂ ಸಮವೆಂದು ನಾವು ಹೇಳುತ್ತಿಲ್ಲ. ತಪ್ಪು ಸಿದ್ಧಾಂತ ತಪ್ಪೇ, ಕೆಟ್ಟ ಕಾರ್ಯ ಕೆಟ್ಟದ್ದೇ. ಆದರೆ ತಪ್ಪು ಮಾಡಿದವರನ್ನು ‘ಅದು’ ಎಂದು ಕರೆದ ಕೂಡಲೇ ಅವರು ಇಳಿದ ಮೆಟ್ಟಿಲನ್ನೇ ನಾವೂ ಇಳಿದಂತಾಗುತ್ತದೆ. ಯುದ್ಧ ಮುಗಿದಾಗ ಲೆನಾರ್ಡರಿಗೆ 80 ದಾಟಿದ್ದಿತು. ವಯಸ್ಸನ್ನು ನೋಡಿ ಅವರನ್ನು ಶಿಕ್ಷೆಗೆ ಗುರಿಮಾಡದೆ ಬಿಟ್ಟರು. 1947ರಲ್ಲಿ ಅವರು ತೀರಿಕೊಂಡರು. ಅವರು ಇತರರಿಗೆ ನಿರಾಕರಿಸಿದ ದಯೆ ಅವರಿಗೆ ದೊರೆಯಿತು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ

ಪ್ರಯೋಗಶಾಲೆಯಲ್ಲಿ ನಾವು ಒಂದು ನಿಯಮವನ್ನು ಕಲಿಸುತ್ತೇವೆ: ಎರಡು ಅಂಶಗಳಲ್ಲಿ ಯಾವುದು ಪರಿಣಾಮಕ್ಕೆ ಕಾರಣವೆಂದು ತಿಳಿಯಬೇಕಾದರೆ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಾಯಿಸಬೇಕು. ಲೆನಾರ್ಡರು ಮಾಡಿದ್ದೂ ಅದನ್ನೇ. ಬೆಳಕಿನ ಬಣ್ಣವನ್ನು ಹಾಗೆಯೇ ಇಟ್ಟು ತೀವ್ರತೆಯನ್ನು ಬದಲಾಯಿಸಿದರು. ಈ ನಿಯಮವನ್ನು ವಿದ್ಯಾರ್ಥಿಗಳು ತಮ್ಮ ಮನಸ್ಸಿನ ಮೇಲೆಯೇ ಪ್ರಯೋಗಿಸಿ ನೋಡಬಹುದು.

ಚರ್ಚಾಸ್ಪರ್ಧೆಯಲ್ಲಾಗಲಿ, ವಿದ್ಯಾರ್ಥಿನಿಲಯದ ಜಗಲಿಯ ಮೇಲಾಗಲಿ, ಚುನಾವಣೆಯ ಕಾಲದಲ್ಲಾಗಲಿ ಯಾರದಾದರೂ ಮಾತು ಕೇಳಿ ಕೋಪ ಬಂದಾಗ, ಆ ಮಾತನ್ನು ಅಕ್ಷರ ಬದಲಾಯಿಸದೆ ಹಾಗೆಯೇ ಇಟ್ಟುಕೊಳ್ಳಿ. ಹೇಳಿದವರನ್ನು ಮಾತ್ರ ಬದಲಾಯಿಸಿ. ಅದೇ ಮಾತನ್ನು ನಿಮ್ಮ ಆಪ್ತಮಿತ್ರರು, ನಿಮ್ಮ ಊರಿನವರು, ನಿಮ್ಮ ಜಾತಿಯವರು, ನಿಮ್ಮ ಪಕ್ಷದವರು ಹೇಳಿದ್ದರೆ ನಿಮ್ಮ ಉತ್ತರವೇನಾಗುತ್ತಿದ್ದಿತು? ಉತ್ತರ ಬದಲಾಗದಿದ್ದರೆ ನೀವು ಅಳೆದದ್ದು ವಾದವನ್ನು. ಬದಲಾದರೆ ನೀವು ಅಳೆದದ್ದು ಹೆಸರನ್ನು. ಆ ಅಳತೆಯನ್ನು ವಹಿಯಿಂದ ಹೊಡೆದುಹಾಕಿ ಮತ್ತೆ ಮಾಡಬೇಕು.

ಎರಡನೆಯ ಪರೀಕ್ಷೆಯೂ ಒಂದುಂಟು. ಎದುರು ಪಕ್ಷದವರ ವಾದವನ್ನು ಮೊದಲು ನೀವೇ ಹೇಳಿ. ಅವರು ಕೇಳಿ, ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪಬೇಕು. ಆಮೇಲೆ ಖಂಡನೆ ಮೊದಲಾಗಲಿ. 1918ರ ಸಂವಾದದಲ್ಲಿ ಐನ್‌ಸ್ಟೈನರು ಇದನ್ನು ಮಾಡಿದರು. 1920ರ ಪತ್ರಿಕಾಲೇಖನದಲ್ಲಿ ಮರೆತರು. ಬೋರರು 1930ರಲ್ಲಿ ಇದನ್ನು ಮಾಡಿದುದರಿಂದಲೇ ಉತ್ತರ ಅವರ ಕೈಗೆ ಸಿಕ್ಕಿತು.

ನಾವೆಲ್ಲರೂ ಒಂದಲ್ಲ ಒಂದು ವಿಷಯದಲ್ಲಿ ತಪ್ಪುತ್ತಲೇ ಇರುತ್ತೇವೆ. ಆ ತಪ್ಪನ್ನು ನಮಗೆ ತೋರಿಸಿಕೊಡಬಲ್ಲವರು ನಮ್ಮನ್ನು ಒಪ್ಪದವರೇ. ಅವರನ್ನು ಹೊರಕ್ಕೆ ಹಾಕಿದ ಸಭೆಯಲ್ಲಿ ಚಪ್ಪಾಳೆ ಜೋರಾಗಿರುತ್ತದೆ. ತಿದ್ದುವ ದನಿ ಮಾತ್ರ ಇರುವುದಿಲ್ಲ.

ಮುಂದಿನ ಸಲ ಪ್ರಯೋಗಶಾಲೆಯಲ್ಲಿ ದ್ಯುತಿವಿದ್ಯುತ್ತಿನ ನಕ್ಷೆಯನ್ನು ಎಳೆಯುವಾಗ ಸ್ವಲ್ಪ ನಿಂತು ನೋಡಿರಿ. ಬಿಂದುಗಳನ್ನು ಅಳೆಯುವ ವಿಧಾನ ಲೆನಾರ್ಡರಿಂದ ಬಂದುದು; ಅವುಗಳ ನಡುವೆ ಹಾಯುವ ಸರಳರೇಖೆ ಐನ್‌ಸ್ಟೈನರದು. ಬಿಂದುಗಳಿಲ್ಲದೆ ರೇಖೆಯಿಲ್ಲ, ರೇಖೆಯಿಲ್ಲದೆ ಬಿಂದುಗಳಿಗೆ ಅರ್ಥವಿಲ್ಲ. ಬದುಕಿದ್ದಾಗ ಒಂದೇ ಕೋಣೆಯಲ್ಲಿ ನಿಲ್ಲಲಾರದೆ ಹೋದ ಇಬ್ಬರು ಆ ಒಂದು ಹಾಳೆಯ ಮೇಲೆ ಇಂದಿಗೂ ಜೊತೆಯಾಗಿದ್ದಾರೆ.